ನಾಲೆ ಮುಚ್ಚಿ ಹಾಕಿದ ರಾಜಬೀದಿ

ವಿಜಯದಶಮಿಯ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿಯಲು ಜನ ಬೆಳಿಗ್ಗೆಯೇ ಬಂದು ಕೂರುತ್ತಾರೆ. ಜಂಬೂಸವಾರಿ ಬನ್ನಿಮಂಟಪಕ್ಕೆ ಸಾಗುವುದು ಇಲ್ಲಿಂದಲೇ. ಅಂಬಾರಿ ಆನೆ ಹೆಜ್ಜೆಯಿಡುವ ಈ ನೆಲ 1886ರವರೆಗೂ ಊರಿನ ಕೊಚ್ಚೆ ಸೇರುತ್ತಿದ್ದ ದೊಡ್ಡ ನಾಲೆಯಾಗಿತ್ತು.

ಅದನ್ನು ಅಗೆಸಿದವರು ದಿವಾನ್ ಪೂರ್ಣಯ್ಯ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ರಾಜಧಾನಿ ಮೈಸೂರಿಗೆ ಮರಳಿದಾಗ ಇಲ್ಲಿ ಕೋಟೆಯೂ ಉಳಿದಿರಲಿಲ್ಲ. ಟಿಪ್ಪು ಅದನ್ನು ಕೆಡವಿಸಿ, ಪೂರ್ವದ ದಿಬ್ಬದ ಮೇಲೆ ನಜರಬಾದ್ ಕೋಟೆ ಕಟ್ಟಲು ಕಲ್ಲುಗಳನ್ನು ಸಾಗಿಸಿದ್ದ. ಅವೇ ಕಲ್ಲುಗಳನ್ನು ವಾಪಸು ತಂದು ಹಳೆಯ ಜಾಗದಲ್ಲಿ ಕೋಟೆ ಎಬ್ಬಿಸಿದರು. ನೀರಿನ ಸಮಸ್ಯೆ ಮಾತ್ರ ಹಾಗೆಯೇ ಉಳಿಯಿತು. ಶ್ರೀರಂಗಪಟ್ಟಣವನ್ನು ಹೊಳೆಯೇ ಸುತ್ತುವರಿದಿತ್ತು. ಮೈಸೂರಿಗೆ ಕೆರೆ, ಬಾವಿಗಳೇ ಆಧಾರ. ಕಾವೇರಿಯನ್ನು ಊರಿಗೆ ತರಲೆಂದು ಪೂರ್ಣಯ್ಯ ತೋಡಿಸಿದ ನಾಲೆಗೆ ಕಾವೇರಿ ಬರಲೇ ಇಲ್ಲ, ಚರಂಡಿ ನೀರು ಬಂತು.

ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಶಿವರಾಂಪೇಟೆಯ ನಡುವೆ ಹಾದಿದ್ದ ಆ ಭಾಗವನ್ನು ಮುಚ್ಚಿ ಅಗಲವಾದ ರಸ್ತೆ ಮಾಡಿದರು. ಬರೋಡಾ ಮಹಾರಾಜರ ಹೆಸರಿಟ್ಟರು. ಇಕ್ಕೆಲದಲ್ಲಿ ಒಂದೇ ಮಾದರಿಯ ಎರಡಂತಸ್ತಿನ ಅಂಗಡಿ ಸಾಲುಗಳು ಎದ್ದವು. ಕೊಚ್ಚೆ ಕಾಲುವೆ ಊರಿನ ಮುಖ್ಯ ಪೇಟೆಯಾಯಿತು. ಮೈಸೂರಿನ ಚಹರೆಯನ್ನು ಇಷ್ಟು ಬದಲಿಸಿದ ಕೆಲಸ ಅರಮನೆಯೊಂದನ್ನು ಬಿಟ್ಟರೆ ಇನ್ನೊಂದಿಲ್ಲ ಎನ್ನಬೇಕು. ಪಕ್ಕದ ದೇವರಾಜ ಮಾರುಕಟ್ಟೆಯ ಓಣಿಗೆ ಇಳಿದರೆ ಗೋಪುರದಂತೆ ಪೇರಿಸಿದ ಕುಂಕುಮ, ಮಾರು ಲೆಕ್ಕದಲ್ಲಿ ಅಳೆದು ಕೊಡುವ ಮಲ್ಲಿಗೆ, ಒದ್ದೆ ಗೋಣಿಯ ಮೇಲಿನ ಚಿಗುರೆಲೆ ಕಟ್ಟುಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ.

ಮುಂದಿನ ಬದಲಾವಣೆಗೆ ಕಾರಣವಾದದ್ದು ಬೆಂಕಿ ಮತ್ತು ರೋಗ. 1897ರಲ್ಲಿ ಮರದ ಅರಮನೆ ಸುಟ್ಟಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅಷ್ಟರಲ್ಲಿ ಪ್ಲೇಗ್ ಬಂದು ಹೋಗಿತ್ತು. ಕೋಟೆಯೊಳಗೆ ಒತ್ತಾಗಿದ್ದ ಮನೆಗಳನ್ನು ತೆರವು ಮಾಡಿ ಜನರನ್ನು ಹೊರಗಿನ ಹೊಸ ಬಡಾವಣೆಗಳಿಗೆ ಕಳುಹಿಸಿದರು. ಅರಮನೆಯ ಸುತ್ತ ಪ್ರವಾಸಿಗರು ಅಡ್ಡಾಡುವ ವಿಶಾಲ ಬಯಲಲ್ಲಿ ಒಂದು ಕಾಲಕ್ಕೆ ಸಂಸಾರಗಳಿದ್ದವು ಎಂಬುದನ್ನು ಮರೆಯಬಾರದು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಚಾಮರಾಜಪುರಂ, ಲಕ್ಷ್ಮೀಪುರಂಗಳಲ್ಲಿ ನೇರ ರಸ್ತೆಗಳು ಬಂದವು. ಹಳೆಯ ಮನೆಗಳ ಹಿತ್ತಿಲಿನಾಚೆ ಉಳಿದಿರುವ ಕನ್ಸರ್ವೆನ್ಸಿ ಓಣಿಗಳು ಮಲ ಹೊರುವವರು ಓಡಾಡಲೆಂದು ಬಿಟ್ಟ ದಾರಿಗಳು. ನೈರ್ಮಲ್ಯದ ನಕ್ಷೆಯಲ್ಲೂ ಜಾತಿಯ ಗೆರೆ ಇತ್ತು.

ಸಯ್ಯಾಜಿರಾವ್ ರಸ್ತೆಯ ಆಸುಪಾಸು ಈಗ ಬಳಲಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಉರುಳಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ, ಗಾರೆ ಹಾಕಿ ದುರಸ್ತಿ ಮಾಡಿದರೆ ಸಾಕೆಂದು ಇನ್ನೊಂದು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ವರ್ಷಗಳು ಕಳೆದಷ್ಟೂ ಉಳಿದ ಗೋಡೆಗಳಿಗೆ ಮಳೆನೀರು ಇಳಿಯುತ್ತದೆ, ಅವುಗಳ ಕೆಳಗೆ ಕೂತವರ ವ್ಯಾಪಾರವೂ ಅತಂತ್ರವಾಗುತ್ತದೆ.