ನಿಮಗಿದು ಗೊತ್ತೆ? ಬಾಗಿದ ಬೆರಳಿಗೆ ನಿಯಾಂಡರ್ತಲ್ ನಂಟು!

ಉಂಗುರ ಬೆರಳು ಅಂಗೈಯತ್ತ ಬಾಗಿ ಮತ್ತೆ ನೆಟ್ಟಗಾಗದಿದ್ದರೆ, ಸುಮಾರು 40 ಸಾವಿರ ವರ್ಷಗಳ ಹಿಂದೆ ಅಳಿದುಹೋದ ನಿಯಾಂಡರ್ತಲ್ ಮಾನವರೂ ಅದಕ್ಕೆ ಒಂದಿಷ್ಟು ಹೊಣೆ! ಈ ತೊಂದರೆಯ ಹೆಸರು ಡುಪ್ಯುಟ್ರೆನ್ ಕಾಂಟ್ರಾಕ್ಚರ್. ಅಂಗೈ ಚರ್ಮದ ಕೆಳಗಿನ ನಾರಿನ ಪದರ ದಪ್ಪಗಾಗಿ, ಹುರಿಗಟ್ಟಿ, ಬೆರಳನ್ನು ಎಳೆದುಕೊಳ್ಳುತ್ತದೆ. ಇದರ ಅಪಾಯ ಹೆಚ್ಚಿಸುವ 61 ವಂಶವಾಹಿ ವ್ಯತ್ಯಾಸಗಳಲ್ಲಿ 3 ನಿಯಾಂಡರ್ತಲ್ ಮೂಲದವು ಎಂದು 2023ರ ಅಧ್ಯಯನ ಹೇಳಿತು. ಉತ್ತರ ಯುರೋಪಿನಲ್ಲಿ ಎಷ್ಟು ಸಾಮಾನ್ಯವೆಂದರೆ, ಇದಕ್ಕೆ ‘ವೈಕಿಂಗ್ ಕಾಯಿಲೆ’ ಎಂಬ ಅಡ್ಡಹೆಸರೇ ಇದೆ. ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1986ರಲ್ಲಿ ಇದಕ್ಕೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು.

ನಮ್ಮಲ್ಲಿ ಇದು ಅಪರೂಪ. ಹಳ್ಳಿಗಳ ಕಡೆ ಕುಡುಗೋಲು, ಗುದ್ದಲಿ ಹಿಡಿದು ಜಡ್ಡುಗಟ್ಟಿದ ಅಂಗೈ ಬೇರೆ, ಇದು ಬೇರೆ. ಜಡ್ಡು ಚರ್ಮದ್ದು, ಬೆರಳನ್ನು ಎಳೆಯದು. ಆದರೆ ಸಕ್ಕರೆ ಕಾಯಿಲೆಯವರಿಗೆ ಈ ಬೆರಳು ಬಾಗುವ ತೊಂದರೆಯ ಕಾಟ ಹೆಚ್ಚು. ಆ ಕಾಯಿಲೆಗಂತೂ ನಮ್ಮಲ್ಲಿ ಬರವಿಲ್ಲ! ಇಳಿವಯಸ್ಸಿನ ಗಂಡಸರು, ಮನೆತನದಲ್ಲಿ ಇದು ಇರುವವರು, ಮದ್ಯ–ಧೂಮಪಾನದ ಚಟದವರು, ವರ್ಷಗಟ್ಟಲೆ ಕಲ್ಲು ಕೊರೆಯುವಂಥ ಅದುರುವ ಯಂತ್ರ ಹಿಡಿದವರಿಗೂ ಅಪಾಯ ಜಾಸ್ತಿ. ನೋವು ಕಡಿಮೆಯಾದ್ದರಿಂದ ಬಹಳ ಮಂದಿ ತಡವಾಗಿ ಗಮನಿಸುತ್ತಾರೆ. ಕೈಯನ್ನು ಮೇಜಿನ ಮೇಲೆ ಕವುಚಿಡಿ: ಅಂಗೈ, ಬೆರಳು ಸಪಾಟಾಗಿ ಕೂರದಿದ್ದರೆ ವೈದ್ಯರಿಗೆ ತೋರಿಸಿ.