ವಾಹನದ ಎಂಜಿನ್ ಫ್ಯಾನ್: ಬೆಲ್ಟಿನಿಂದ ವಿದ್ಯುತ್ತಿಗೆ ಬದಲಿಸುವ ಮುನ್ನ

ಬೇಸಿಗೆ ಸಮೀಪಿಸುತ್ತಿದ್ದಂತೆ ಗ್ರಾಮ ಪಂಚಾಯಿತಿಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಾಹನ ದುರಸ್ತಿಯ ವಿಷಯ ಮೇಲಿಂದ ಮೇಲೆ ಬರುತ್ತದೆ. ಸ್ವಚ್ಛ ವಾಹಿನಿಯ ಎಂಜಿನ್ ಕಾದು ನಡುದಾರಿಯಲ್ಲಿ ನಿಂತಿತು, ಹಳೆಯ ಜೀಪಿನ ರೇಡಿಯೇಟರ್ ಕುದಿಯಿತು, ಟ್ಯಾಂಕರ್ ಟ್ರ್ಯಾಕ್ಟರಿಗೆ ದಿನವೂ ನೀರು ಹಾಕಬೇಕಾಗಿದೆ ಎಂಬ ದೂರುಗಳ ಜೊತೆಗೆ, ಈಚೆಗೆ ಗ್ಯಾರೇಜುಗಳಿಂದ ಒಂದು ಸಲಹೆಯೂ ಕೇಳಿಬರುತ್ತಿದೆ: “ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ; ಎಂಜಿನ್ ಕಾಯುವುದಿಲ್ಲ, ಡೀಸೆಲ್ಲೂ ಉಳಿಯುತ್ತದೆ.” ಈ ಸಲಹೆ ಕೆಲವು ವಾಹನಗಳಿಗೆ ಸರಿ, ಕೆಲವಕ್ಕೆ ನಿರರ್ಥಕ, ಇನ್ನು ಕೆಲವಕ್ಕೆ ಅಪಾಯಕಾರಿ. ಇದಕ್ಕೆ ಮಂಜೂರಾತಿ ನೀಡುವವರು ಮಾನ್ಯ ಸದಸ್ಯರೇ ಆಗಿರುವುದರಿಂದ, ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ತಾಂತ್ರಿಕ ಹಿನ್ನೆಲೆ ಇಲ್ಲದವರೂ ನಿರ್ಧರಿಸಬಹುದಾದ ರೀತಿಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಫ್ಯಾನ್ ಮಾಡುವ ಕೆಲಸ

ಎಂಜಿನ್ನಿನಲ್ಲಿ ಉರಿಯುವ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸಲು ಒದಗುತ್ತದೆ. ಉಳಿದದ್ದು ಶಾಖವಾಗಿ, ಒಂದಿಷ್ಟು ಹೊಗೆಯ ಕೊಳವೆಯಿಂದ, ಒಂದಿಷ್ಟು ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ದ್ರವದ ಮೂಲಕ ಹೊರಹೋಗುತ್ತದೆ. ವಾಟರ್ ಪಂಪ್ ಈ ದ್ರವವನ್ನು ಎಂಜಿನ್ನಿನಿಂದ ರೇಡಿಯೇಟರಿಗೂ ಅಲ್ಲಿಂದ ಮರಳಿ ಎಂಜಿನ್ನಿಗೂ ಸುತ್ತಿಸುತ್ತದೆ. ರೇಡಿಯೇಟರಿನ ತೆಳುವಾದ ಪಟ್ಟಿಗಳ ನಡುವೆ ಗಾಳಿ ಹಾಯ್ದಾಗ ದ್ರವ ತಣಿಯುತ್ತದೆ. ವಾಹನ ಗಂಟೆಗೆ 40–50 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಎದುರುಗಾಳಿಯೇ ಸಾಮಾನ್ಯವಾಗಿ ಸಾಕಾಗುತ್ತದೆ. ನಿಂತಾಗ ಅಥವಾ ನಿಧಾನವಾಗಿ ಸಾಗುವಾಗ ಗಾಳಿಯನ್ನು ಎಳೆದು ತರಲು ಫ್ಯಾನ್ ಬೇಕು.

ಬೆಲ್ಟ್ ಫ್ಯಾನ್ ಎಂಜಿನ್ನಿಗೆ ಕಟ್ಟಿಹಾಕಿದ ಫ್ಯಾನ್. ಎಂಜಿನ್ ವೇಗವಾಗಿ ತಿರುಗಿದರೆ ಅದೂ ವೇಗವಾಗಿ ತಿರುಗುತ್ತದೆ, ಎಂಜಿನ್ ನಿಧಾನವಾದರೆ ಅದೂ ನಿಧಾನವಾಗುತ್ತದೆ. ಅದರ ಕೊರತೆ ಇರುವುದೂ ಇಲ್ಲಿಯೇ. ಮನೆಮನೆಯ ಮುಂದೆ ನಿಂತು ಕಸ ತುಂಬಿಕೊಳ್ಳುವಾಗ ಗಾಳಿ ಹೆಚ್ಚು ಬೇಕು, ಆದರೆ ಆಗ ಫ್ಯಾನ್ ಮಂದವಾಗಿರುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಫ್ಯಾನಿನ ಅಗತ್ಯವೇ ಕಡಿಮೆ, ಆಗ ಅದು ಭರದಿಂದ ತಿರುಗುತ್ತಿರುತ್ತದೆ.

ಫ್ಯಾನಿನ ವೇಗ ಮೂರು ಪಟ್ಟಾದರೆ ಗಾಳಿ ಮೂರು ಪಟ್ಟಾಗುತ್ತದೆ, ಆದರೆ ಅದಕ್ಕೆ ಬೇಕಾಗುವ ಶಕ್ತಿ ಮೂರು ಗುಣಿಸು ಮೂರು ಗುಣಿಸು ಮೂರು, ಅಂದರೆ 27 ಪಟ್ಟಾಗುತ್ತದೆ. ನಿಮಿಷಕ್ಕೆ 800 ಸುತ್ತಿನಲ್ಲಿ 60 ವಾಟ್ ಬೇಡುವ ಫ್ಯಾನ್ 2,400 ಸುತ್ತಿನಲ್ಲಿ 1,620 ವಾಟ್, ಎಂದರೆ ಎರಡು ಅಶ್ವಶಕ್ತಿಗೂ ಮೀರಿ ಬೇಡುತ್ತದೆ. ವಿದ್ಯುತ್ ಫ್ಯಾನ್ ಹಾಗಲ್ಲ. ದ್ರವದ ಶಾಖ ನಿಗದಿತ ಮಟ್ಟಕ್ಕೆ ಏರಿದಾಗ ಮಾತ್ರ ಅದು ತಿರುಗುತ್ತದೆ. ಎಂಜಿನ್ ಮಂದವಾಗಿದ್ದರೂ ಬ್ಯಾಟರಿಯ ವೋಲ್ಟೇಜು ಸರಿಯಾಗಿದ್ದರೆ ತನ್ನ ಪೂರ್ಣ ವೇಗದಲ್ಲಿ ಗಾಳಿ ಎಳೆಯುತ್ತದೆ.

ಇದು ಹೊಸ ಆವಿಷ್ಕಾರವೇನೂ ಅಲ್ಲ. ಹಿಂದೆ ಸರ್ಕಾರಿ ಕಚೇರಿಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಅಂಬಾಸಡರ್ ಕಾರಿನಲ್ಲಿ ಬೆಲ್ಟ್ ಫ್ಯಾನ್ ಇತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಲಾಗಿತ್ತು. ಎಂಜಿನ್ನಿನ ತುದಿ ರೇಡಿಯೇಟರಿಗೆ ಎದುರಾಗಿ ಇರದ ಕಾರಣ ಅಂತಹ ಕಾರುಗಳಲ್ಲಿ ವಿದ್ಯುತ್ ಫ್ಯಾನ್ ಬಳಕೆಗೆ ಬಂದಿತು. ಈಗ ಕೆಲವು ಸಣ್ಣ ಸರಕು ವಾಹನಗಳಲ್ಲಿಯೂ ತಯಾರಕರೇ ವಿದ್ಯುತ್ ಫ್ಯಾನ್ ಅಳವಡಿಸಿರುತ್ತಾರೆ. ಆದುದರಿಂದ ಪ್ರಸ್ತಾವನೆ ಬಂದಾಗ, ವಾಹನದಲ್ಲಿ ಈಗಿರುವುದು ಯಾವ ಫ್ಯಾನ್ ಎಂಬುದನ್ನು ಮೊದಲು ಖಾತ್ರಿಪಡಿಸಿಕೊಳ್ಳತಕ್ಕದ್ದು.

ಚಾಲಕರಿಗೆ ಕೇಳಬೇಕಾದ ಒಂದು ಪ್ರಶ್ನೆ

ಎಂಜಿನ್ ಕಾಯುವುದಕ್ಕೆ ಕಾರಣಗಳು ಎರಡು ಬಗೆ. ಒಂದು, ರೇಡಿಯೇಟರಿಗೆ ಗಾಳಿ ಸಾಲದಿರುವುದು. ಇನ್ನೊಂದು, ಕೂಲೆಂಟ್ ದ್ರವ ಸಾಲದಿರುವುದು ಅಥವಾ ಸರಿಯಾಗಿ ಹರಿಯದಿರುವುದು. ಫ್ಯಾನ್ ಬದಲಾವಣೆಯಿಂದ ಪರಿಹಾರವಾಗುವುದು ಮೊದಲನೆಯದು ಮಾತ್ರ. ಎರಡನ್ನೂ ಬೇರ್ಪಡಿಸಲು ವಾಹನವನ್ನು ದಿನವೂ ಓಡಿಸುವ ಚಾಲಕಿಯನ್ನು ಅಥವಾ ಚಾಲಕರನ್ನು ಸಭೆಗೆ ಕರೆದು ಒಂದೇ ಪ್ರಶ್ನೆ ಕೇಳಿದರೆ ಸಾಕು: “ಎಂಜಿನ್ ಕಾಯುವುದು ಗಾಡಿ ನಿಂತಾಗಲೋ, ಓಡುವಾಗಲೋ?”

ನಿಂತಾಗ ಮುಳ್ಳು ಏರುತ್ತದೆ, ಗಾಡಿ ಓಡಿದೊಡನೆ ಇಳಿಯುತ್ತದೆ ಎಂಬುದು ಉತ್ತರವಾದರೆ ಗಾಳಿಯ ಕೊರತೆ ಇರುವ ಸಾಧ್ಯತೆ ಹೆಚ್ಚು. ಏರುದಾರಿಯಲ್ಲಿ, ಭಾರ ಹೊತ್ತಾಗ ಅಥವಾ ವೇಗದಲ್ಲಿ ಓಡುವಾಗ ಕಾಯುತ್ತದೆ ಎಂದಾದರೆ ದೋಷವನ್ನು ಬೇರೆಡೆ ಹುಡುಕಬೇಕು: ತೆರೆಯದೆ ಕಚ್ಚಿಕೊಂಡ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್, ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸೋರುವ ಕೊಳವೆ, ಹೋದ ಹೆಡ್ ಗ್ಯಾಸ್ಕೆಟ್. ಇಂತಹ ವಾಹನಕ್ಕೆ ವಿದ್ಯುತ್ ಫ್ಯಾನ್ ಹಾಕಿದರೆ ಹಣವೂ ಹೋಗುತ್ತದೆ, ಎಂಜಿನ್ನೂ ಕಾಯುತ್ತದೆ.

ಗಾಳಿಯ ಕೊರತೆ ಎಂದು ತಿಳಿದ ಮೇಲೂ ಖರ್ಚಿಲ್ಲದ ಪರೀಕ್ಷೆಗಳು ಮೊದಲಾಗಬೇಕು. ಕಸದ ವಾಹನದ ರೇಡಿಯೇಟರಿನ ಮುಖಕ್ಕೆ ಪ್ಲಾಸ್ಟಿಕ್ ಹಾಳೆ, ಧೂಳು, ಒಣ ಎಲೆ ಮೆತ್ತಿಕೊಂಡಿರುತ್ತವೆ. ಮಂದ ಒತ್ತಡದ ನೀರಿನಲ್ಲಿ ತೊಳೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಬಹುದು. ಬೆಲ್ಟ್ ಸಡಿಲವಾಗಿದ್ದರೆ ಫ್ಯಾನೂ ಪಂಪೂ ಜಾರುತ್ತವೆ. ಎಂಜಿನ್ ಆರಿಸಿ ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10–15 ಮಿ.ಮೀ.ಗಿಂತ ಹೆಚ್ಚು ಬಾಗಬಾರದು.

ಕೊಳವೆಬಾವಿಯ ನೀರಿನ ಬಗ್ಗೆ ಪ್ರತ್ಯೇಕವಾಗಿ ಹೇಳುವುದು ಅಗತ್ಯ. ನಮ್ಮ ಬಯಲುಸೀಮೆಯ ಬಹುಪಾಲು ಕೊಳವೆಬಾವಿಗಳ ನೀರು ಗಡಸು. ಅಡುಗೆ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಶಾಖ ಹೊರಬರದಂತೆ ಆ ಪದರ ತಡೆಯುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನು ಭಟ್ಟಿ ಇಳಿಸಿದ ನೀರಿನೊಡನೆ ಬೆರೆಸಿ ಬಳಸುವುದು ಸೂಕ್ತ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಒತ್ತಡದಲ್ಲಿರುವ ದ್ರವ 100 ಡಿಗ್ರಿ ಸೆಲ್ಸಿಯಸ್ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಉಕ್ಕಿ ಮುಖ, ಕೈಗಳನ್ನು ಸುಡುತ್ತದೆ.

ಟ್ರ್ಯಾಕ್ಟರಿಗೆ ಬೇಡ

ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಪೂರ್ಣ ಭಾರದಲ್ಲಿ ನಿಧಾನವಾಗಿ ಸಾಗುತ್ತದೆ. ಪಂಪ್ ನಡೆಸುವಾಗ ನಿಂತಲ್ಲಿಯೇ ಎಂಜಿನ್ ಭರದಿಂದ ಓಡುತ್ತಿರುತ್ತದೆ. ಎದುರುಗಾಳಿಯ ನೆರವು ಅದಕ್ಕೆ ಇಲ್ಲವೇ ಇಲ್ಲ. ಫ್ಯಾನ್ ಸದಾ ತಿರುಗುತ್ತಿರಬೇಕು. ಸದಾ ತಿರುಗಬೇಕಾದ ಫ್ಯಾನನ್ನು ವಿದ್ಯುತ್ತಿಗೆ ಬದಲಿಸಿದರೆ ಉಳಿತಾಯದ ಪ್ರಶ್ನೆಯೇ ಏಳುವುದಿಲ್ಲ. ಅದರ ದೊಡ್ಡ ಫ್ಯಾನಿನಷ್ಟು ಗಾಳಿ ಎಳೆಯುವ ವಿದ್ಯುತ್ ಫ್ಯಾನಿಗೆ ಟ್ರ್ಯಾಕ್ಟರಿನ ಚಿಕ್ಕ ಆಲ್ಟರ್ನೇಟರ್ ಸಾಲುವುದೂ ಇಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರು ಒಯ್ಯುವ ವಾಹನದ ಮೇಲೆ ಇಂತಹ ಪ್ರಯೋಗ ಸಲ್ಲದು. ಟ್ರ್ಯಾಕ್ಟರಿಗೆ ಸರಿಯಾದ ಬೆಲ್ಟ್, ಶುಚಿಯಾದ ರೇಡಿಯೇಟರ್, ಸೂಕ್ತ ಕೂಲೆಂಟ್ ಇವು ಮೂರಿದ್ದರೆ ಸಾಕು.

ವಿದ್ಯುತ್ತಿನ ಲೆಕ್ಕ

ಬೆಲ್ಟ್ ಫ್ಯಾನ್ ಇರುವ ಹಳೆಯ ಜೀಪು ಅಥವಾ ಕಸದ ವಾಹನಕ್ಕೆ ಬದಲಾವಣೆ ಸೂಕ್ತವೆನಿಸಿದರೆ, ಮುಂದಿನ ಪ್ರಶ್ನೆ ಆಲ್ಟರ್ನೇಟರಿನದು. ಉದಾಹರಣೆಗೆ 12 ವೋಲ್ಟಿನ ವಾಹನದಲ್ಲಿ ಫ್ಯಾನ್ 15 ಆಂಪಿಯರ್, ಹೆಡ್‌ಲೈಟುಗಳು 10, ವೈಪರ್ 4, ಧ್ವನಿವರ್ಧಕ 4, ಇತರೆ 3 ಆಂಪಿಯರ್ ಬಳಸುತ್ತವೆ ಎಂದಿಟ್ಟುಕೊಳ್ಳೋಣ. ಒಟ್ಟು 36 ಆಂಪಿಯರ್. ಆಲ್ಟರ್ನೇಟರಿನ ಮೇಲೆ 45 ಎಂದು ಬರೆದಿದ್ದರೂ ಎಂಜಿನ್ ಮಂದವಾಗಿರುವಾಗ ಅದು ಅರ್ಧದಷ್ಟನ್ನೇ ಕೊಡಬಹುದು. 22 ಎಂದು ಹಿಡಿಯೋಣ. ಬೆಳಗಿನ ಕಸ ಸಂಗ್ರಹಣೆಯಲ್ಲಿ ಫ್ಯಾನ್, ಧ್ವನಿವರ್ಧಕ ಮತ್ತು ಇತರೆ ಸೇರಿ 22 ಆಂಪಿಯರ್; ಆದಾಯಕ್ಕೂ ವೆಚ್ಚಕ್ಕೂ ಸರಿಹೋಯಿತು. ಮಳೆಗಾಲದ ಮುಸ್ಸಂಜೆಯಲ್ಲಿ ಎಲ್ಲವೂ ಒಟ್ಟಿಗೆ ನಡೆದರೆ 14 ಆಂಪಿಯರ್ ಕೊರತೆ ಬ್ಯಾಟರಿಯ ಮೇಲೆ ಬೀಳುತ್ತದೆ. ದಿನವೂ ಹೀಗಾದರೆ ಮುಂಜಾನೆ ಗಾಡಿಯನ್ನು ತಳ್ಳಿ ಚಾಲೂ ಮಾಡಬೇಕಾದೀತು. ಈ ಲೆಕ್ಕವನ್ನು ಆಯಾ ವಾಹನಕ್ಕೆ ಅನ್ವಯಿಸಿ, ಗ್ಯಾರೇಜಿನವರು ದರಪಟ್ಟಿಯ ಜೊತೆಯಲ್ಲಿ ಲಿಖಿತವಾಗಿ ಕೊಡಬೇಕು.

ಡೀಸೆಲ್ ಉಳಿತಾಯದ ಮಾತನ್ನೂ ತೂಗಿ ನೋಡಬೇಕು. ಕಸದ ವಾಹನದ ಎಂಜಿನ್ ಬಹುಕಾಲ ನಿಧಾನವಾಗಿಯೇ ಓಡುವುದರಿಂದ ಬೆಲ್ಟ್ ಫ್ಯಾನ್ ನುಂಗುವ ಶಕ್ತಿಯೂ ಅಲ್ಪ. ತಿಂಗಳಿಗೆ 90 ಲೀಟರ್ ಬಳಸುವ ವಾಹನದಲ್ಲಿ ನೂರಕ್ಕೆ ಮೂರರಷ್ಟು ಉಳಿದೀತೆಂದು ಉದಾರವಾಗಿ ಲೆಕ್ಕ ಹಾಕಿದರೂ 2.7 ಲೀಟರ್; ಲೀಟರಿಗೆ 90 ರೂಪಾಯಿಯಂತೆ 243 ರೂಪಾಯಿ. ಕೆಲಸಕ್ಕೆ 8,000 ರೂಪಾಯಿ ತಗುಲಿದರೆ ಆ ಹಣ ಮರಳಲು 33 ತಿಂಗಳು ಬೇಕು. ಆದುದರಿಂದ ಬದಲಾವಣೆಗೆ ಡೀಸೆಲ್ ಉಳಿತಾಯ ಕಾರಣವಾಗಬಾರದು. ನಿಂತಾಗ ಎಂಜಿನ್ ಕಾಯದಿರುವುದು, ವಾಹನ ಕೆಡದೆ ದಿನನಿತ್ಯ ಹೊರಡುವುದು ಇವೇ ನಿಜವಾದ ಲಾಭ. ಸ್ವಚ್ಛ ವಾಹಿನಿ ಒಂದು ವಾರ ನಿಂತರೆ ಕಸ ಮತ್ತೆ ಚರಂಡಿ ಸೇರುತ್ತದೆ. ಸ್ವಸಹಾಯ ಸಂಘದಿಂದ ತರಬೇತಿ ಪಡೆದು ಬಂದ ಚಾಲಕಿಯ ದುಡಿಮೆಗೂ ಅಡ್ಡಿಯಾಗುತ್ತದೆ.

ಕೆಲಸ ಮಾಡಿಸುವಾಗ ಪರಿಶೀಲಿಸಬೇಕಾದ ಅಂಶಗಳು

1. ಅನೇಕ ಎಂಜಿನ್ನುಗಳಲ್ಲಿ ಫ್ಯಾನ್, ವಾಟರ್ ಪಂಪ್, ಆಲ್ಟರ್ನೇಟರ್ ಮೂರೂ ಒಂದೇ ಬೆಲ್ಟಿನಿಂದ ನಡೆಯುತ್ತವೆ. ತೆಗೆಯಬೇಕಾದದ್ದು ಫ್ಯಾನ್ ಮಾತ್ರ. ಬೆಲ್ಟೂ ಪುಲ್ಲಿಯೂ ಉಳಿಯಬೇಕು. ಫ್ಯಾನ್ ತೆಗೆದ ಮೇಲೆ ಪುಲ್ಲಿಗೆ ಸರಿಯಾದ ಉದ್ದದ ಬೋಲ್ಟ್ ಹಾಕಿರಬೇಕು.

2. ಹೊಸ ಫ್ಯಾನನ್ನು ಲೋಹದ ಪಟ್ಟಿಗಳ ಚೌಕಟ್ಟಿನ ಮೇಲೆ ಕೂರಿಸಬೇಕು. ರೇಡಿಯೇಟರಿನ ಪಟ್ಟಿಗಳ ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಕಟ್ಟಿದರೆ ಅದುರಿ ಅದುರಿ ನಾಳ ತೂತಾಗುತ್ತದೆ. ಗಾಳಿ ಹೊರಗಿನಿಂದ ಎಂಜಿನ್ನಿನ ಕಡೆಗೆ ಹರಿಯುತ್ತಿದೆಯೇ ಎಂಬುದನ್ನು ಕಾಗದದ ಹಾಳೆ ಹಿಡಿದು ನೋಡಬೇಕು. ಮೋಟಾರಿನ ತಂತಿ ತಿರುವುಮುರುವಾದರೆ ಫ್ಯಾನ್ ಎದುರುಗಾಳಿಗೆ ವಿರುದ್ಧವಾಗಿ ಊದುತ್ತದೆ.

3. ಶಾಖಕ್ಕೆ ತಾನೇ ಚಾಲೂ ಆಗುವ ಸ್ವಿಚ್ ಕಡ್ಡಾಯ. ಅದು ಚಾಲೂ ಆಗುವ ಮಟ್ಟ ಥರ್ಮೋಸ್ಟಾಟ್ ತೆರೆಯುವ ಮಟ್ಟಕ್ಕಿಂತ ಮೇಲಿರಬೇಕು. ಥರ್ಮೋಸ್ಟಾಟ್ 82 ಡಿಗ್ರಿಯಲ್ಲಿ ತೆರೆಯುವುದಾದರೆ ಫ್ಯಾನ್ 92ರ ಸುಮಾರಿಗೆ ಚಾಲೂ ಆಗಿ 87ರ ಸುಮಾರಿಗೆ ನಿಲ್ಲುವುದು ಸೂಕ್ತ. ಚಾಲಕರು ಕೈಯಿಂದ ಹಾಕುವ ಸ್ವಿಚ್ ಹೆಚ್ಚುವರಿಯಾಗಿ ಇರಲಿ, ಅದೊಂದೇ ಇರಕೂಡದು. ಫ್ಯಾನಿಗೆ ವಿದ್ಯುತ್ ಹರಿಯುತ್ತಿರುವುದನ್ನು ತೋರುವ ಸಣ್ಣ ದೀಪವೂ ಚಾಲಕರ ಎದುರು ಇರಬೇಕು.

4. ರಿಲೇ ಮತ್ತು ಫ್ಯೂಸ್ ಇಲ್ಲದೆ ಫ್ಯಾನನ್ನು ನೇರವಾಗಿ ಬ್ಯಾಟರಿಗೆ ಜೋಡಿಸಕೂಡದು. ಮೋಟಾರ್ ಚಾಲೂ ಆಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ವಿದ್ಯುತ್ ಎಳೆಯುತ್ತದೆ. ತೆಳ್ಳನೆಯ ತಂತಿ ಕಾದು ಬೆಂಕಿಗೆ ಕಾರಣವಾಗಬಹುದು. ಫ್ಯೂಸ್ ಬ್ಯಾಟರಿಯ ಸಮೀಪದಲ್ಲಿರಬೇಕು.

5. ಕೀಲಿ ತೆಗೆದ ನಂತರವೂ ಕೆಲವು ಜೋಡಣೆಗಳಲ್ಲಿ ಫ್ಯಾನ್ ತಾನಾಗಿ ತಿರುಗಲಾರಂಭಿಸುತ್ತದೆ. ಬ್ಯಾಟರಿಯ ತಂತಿ ಬಿಚ್ಚದೆ ಅದರ ಬಳಿ ಕೈ ಹಾಕಬಾರದೆಂದು ಚಾಲಕರಿಗೂ ತೊಳೆಯುವ ಸಿಬ್ಬಂದಿಗೂ ತಿಳಿಸಿ, ಎಚ್ಚರಿಕೆಯ ಚೀಟಿ ಅಂಟಿಸಬೇಕು.

ಸಭೆಯಲ್ಲಿ ದಾಖಲಿಸಬೇಕಾದದ್ದು

ಖಾತರಿ ಅವಧಿಯಲ್ಲಿರುವ ವಾಹನವನ್ನು ಮುಟ್ಟದೆ ಮಾರಾಟಗಾರರಿಗೆ ಪತ್ರ ಬರೆಯುವುದೇ ಸರಿ. ಹೊರಗಿನ ಬದಲಾವಣೆಯನ್ನೇ ನೆಪವಾಗಿಟ್ಟು ಅವರು ಉಚಿತ ದುರಸ್ತಿ ನಿರಾಕರಿಸಬಹುದು. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ರೇಡಿಯೇಟರ್ ಫ್ಯಾನ್ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಲ್ಲ. ಆದರೂ ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿಟ್ಟರೆ ಮುಂದೆ ತಕರಾರಿಗೆ ಎಡೆ ಇರುವುದಿಲ್ಲ.

ದರಪಟ್ಟಿಯಲ್ಲಿ ಫ್ಯಾನ್, ಶಾಖದ ಸ್ವಿಚ್, ರಿಲೇ, ಫ್ಯೂಸ್, ತಂತಿ ಮತ್ತು ಕೂಲಿ ಬೇರೆ ಬೇರೆಯಾಗಿ ನಮೂದಾಗಿರಲಿ. “ಫ್ಯಾನ್ ಕೆಲಸ” ಎಂಬ ಒಂದೇ ಸಾಲಿನ ಬಿಲ್ಲಿನಿಂದ ಏನನ್ನು ಹಾಕಿದರು, ಏನನ್ನು ಬಿಟ್ಟರು ಎಂಬುದು ತಿಳಿಯುವುದಿಲ್ಲ. ತೆಗೆದ ಹಳೆಯ ಫ್ಯಾನ್ ಮತ್ತು ಬೋಲ್ಟುಗಳು ಪಂಚಾಯಿತಿಯ ಆಸ್ತಿ; ದಾಸ್ತಾನು ವಹಿಯಲ್ಲಿ ನಮೂದಿಸಿ ಇರಿಸಿಕೊಂಡರೆ, ಹೊಸದು ಕೆಟ್ಟ ದಿನ ಅದನ್ನೇ ಮರಳಿ ಜೋಡಿಸಿ ಗಾಡಿ ಹೊರಡಿಸಬಹುದು. ಬದಲಾವಣೆಗೆ ಒಂದು ತಿಂಗಳು ಮೊದಲು ಮತ್ತು ಒಂದು ತಿಂಗಳು ನಂತರ, ಎಂಜಿನ್ ಕಾದ ದಿನಗಳು, ಸೇರಿಸಿದ ಕೂಲೆಂಟ್ ಮತ್ತು ಬಳಸಿದ ಡೀಸೆಲ್ ಇವನ್ನು ಲಾಗ್ ಪುಸ್ತಕದಲ್ಲಿ ಬರೆಯಿಸಿ, ಮುಂದಿನ ಸಾಮಾನ್ಯ ಸಭೆಯ ಮುಂದೆ ಮಂಡಿಸಲು ಸೂಚಿಸುವುದು ಉಚಿತ. ಎರಡನೆಯ ವಾಹನಕ್ಕೆ ಇದೇ ಪ್ರಸ್ತಾವನೆ ಬಂದಾಗ ಗ್ಯಾರೇಜಿನ ಮಾತಿಗಿಂತ ಆ ಪುಟಗಳೇ ಸದಸ್ಯರಿಗೆ ಹೆಚ್ಚು ನೆರವಾಗುತ್ತವೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ