ಹೆಸರಿಗೆ ದರ್ಜೆ ನೀಡುವವರು ಯಾರು?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ರೈತ ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಹದಗೊಳಿಸಿ, ವಿಂಗಡಿಸಿ, ಬೇಲ್ ಕಟ್ಟಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ತರುತ್ತಾನೆ. ಅಲ್ಲಿ ಬೇಲನ್ನು ತೂಗುತ್ತಾರೆ, ಎಲೆಯ ಗುಣ ನೋಡಿ ದರ್ಜೆ ನೀಡುತ್ತಾರೆ, ಅನಂತರ ಬೆಲೆ ಕೂಗುತ್ತಾರೆ. ಬೆಲೆ ಅನ್ಯಾಯವೆನಿಸಿದರೆ ರೈತ ಅಲ್ಲಿಯೇ ನಿಂತು ತಕರಾರು ಎತ್ತುತ್ತಾನೆ. ಅದೇ ರೈತನ ಮಗಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಅರ್ಜಿ ಹಾಕಿದಾಗ ನಡೆಯುವ ಹರಾಜು ಬೇರೆ ಬಗೆಯದು. ಅಲ್ಲಿ ಸರಕೆಂದರೆ ಆಕೆಯ ಹೆಸರು. ಉದ್ಯೋಗ ನೀಡುವವರು ಅದನ್ನು ಅಂತರ್ಜಾಲದ ಶೋಧಯಂತ್ರಕ್ಕೆ ಹಾಕಿ, ಮೊದಲ ಪುಟದಲ್ಲಿ ಕಂಡದ್ದನ್ನು ಓದಿ, ಮನಸ್ಸಿನಲ್ಲಿಯೇ ದರ್ಜೆ ನಿಗದಿಪಡಿಸಿಬಿಡಬಹುದು. ತಕರಾರು ಎತ್ತಲು ಆಕೆ ಅಲ್ಲಿರುವುದಿಲ್ಲ.

ವ್ಯಕ್ತಿಯೂ ಒಂದು ಬ್ರಾಂಡ್ ಎಂಬ ಮಾತನ್ನು ಜನಪ್ರಿಯಗೊಳಿಸಿದವರು ಅಮೆರಿಕದ ನಿರ್ವಹಣಾ ಲೇಖಕ ಟಾಮ್ ಪೀಟರ್ಸ್. 1997ರಲ್ಲಿ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಇದಕ್ಕೆ ನಾಂದಿ ಹಾಡಿತು. ಪದ ಹೊಸದಾದರೂ ಸಂಗತಿ ನಮಗೆ ಹೊಸದೇನಲ್ಲ. ಹಳೇ ಮೈಸೂರಿನಲ್ಲಿ ಹೆಸರಿನ ಹಿಂದಿನ ಇನಿಷಿಯಲ್‌ಗಳೇ ಊರನ್ನೂ ತಂದೆಯನ್ನೂ ಸೂಚಿಸುತ್ತಿದ್ದವು. ‘ಬಿ’ ಎಂದರೆ ಬಿಳಿಕೆರೆ ಎಂದು ಊಹಿಸಬಲ್ಲವರಿಗೆ ಮನುಷ್ಯನ ಮನೆತನ, ನಡತೆ, ಸಾಲ ತೀರಿಸುವ ರೀತಿ ಎಲ್ಲವನ್ನೂ ವಿಚಾರಿಸುವುದು ಕಷ್ಟವಿರಲಿಲ್ಲ. ಆ ವ್ಯವಸ್ಥೆ ನಿಷ್ಪಕ್ಷಪಾತವಾಗಿತ್ತೆಂದಲ್ಲ. ಜಾತಿಯೂ ಅದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಆದರೆ ಅಲ್ಲಿ ತೂಗುವವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಅಂತರ್ಜಾಲದಲ್ಲಿ ಹೆಸರನ್ನು ಅಳೆಯುವ ಪ್ರಯತ್ನಗಳ ಚರಿತ್ರೆ ಬೋಧಪ್ರದವಾಗಿದೆ. 2008ರಲ್ಲಿ ಆರಂಭವಾದ ‘ಕ್ಲೌಟ್’ ಎಂಬ ಸಂಸ್ಥೆ ಸಾಮಾಜಿಕ ಜಾಲತಾಣಗಳಲ್ಲಿನ ಚಟುವಟಿಕೆಯನ್ನು ಆಧರಿಸಿ ಪ್ರತಿಯೊಬ್ಬರ ಪ್ರಭಾವಕ್ಕೆ 1ರಿಂದ 100ರವರೆಗೆ ಅಂಕ ಕೊಡುತ್ತಿತ್ತು. ಒಂದು ಹಂತದಲ್ಲಿ ಗಾಯಕ ಜಸ್ಟಿನ್ ಬೀಬರ್ ಅವರ ಅಂಕ ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ಅವರ ಅಂಕವನ್ನೂ ಮೀರಿತ್ತು! ಟೀಕೆಗಳ ಬಳಿಕ ಲೆಕ್ಕಾಚಾರದ ಸೂತ್ರ ಬದಲಾಯಿತು. 2018ರ ಮೇ 25ರಂದು ಆ ಸೇವೆಯೇ ನಿಂತುಹೋಯಿತು. ಎಣಿಸಲು ಸುಲಭವಾದದ್ದನ್ನೆಲ್ಲ ಎಣಿಸಿ ಅದನ್ನೇ ಯೋಗ್ಯತೆ ಎಂದು ಕರೆದರೆ ಆಗುವುದು ಇಷ್ಟೇ.

ಹಾಗಾದರೆ ಅಳೆಯುವುದು ಹೇಗೆ? ಹಿಂಬಾಲಕರ ಸಂಖ್ಯೆಗಿಂತ ಮೂರು ಪ್ರಶ್ನೆಗಳು ಹೆಚ್ಚು ಉಪಯುಕ್ತ. ಹೆಸರು ಹುಡುಕಿದಾಗ ಸಿಗುವ ವ್ಯಕ್ತಿ ನಾವೇ ಹೌದೇ? ಅಲ್ಲಿರುವುದು ನಿಜವೇ? ನಾವು ಮಾಡುವ ಕೆಲಸದ ಸುಳಿವು ಅದರಲ್ಲಿದೆಯೇ? ಮೊದಲ ಪ್ರಶ್ನೆಯೇ ನಮ್ಮವರಿಗೆ ತೊಡಕಿನದು. ಮಹದೇವ, ಸಿದ್ದರಾಜು, ಮಂಜುನಾಥ ಎಂಬ ಹೆಸರಿನವರು ಈ ಭಾಗದಲ್ಲಿ ಎಷ್ಟು ಮಂದಿಯಿಲ್ಲ? ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ರೂಪ ತಾಳುತ್ತದೆ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಲಿಂಕ್ಡ್‌ಇನ್‌ನಲ್ಲಿ ಮತ್ತೊಂದು. ಎಲ್ಲೆಡೆ ಒಂದೇ ರೂಪವನ್ನು ಬಳಸುವುದು, ಇನಿಷಿಯಲ್ಲನ್ನು ವಿಸ್ತರಿಸಿ ಬರೆಯುವುದು, ಹೆಸರಿನ ಜೊತೆ ಊರು ಹಾಗೂ ವೃತ್ತಿಯನ್ನು ನಮೂದಿಸುವುದು ಕಾಸಿನ ಖರ್ಚಿಲ್ಲದ ಸುಧಾರಣೆಗಳು. ಕೆಲಸದ ಕುರಿತು ಆಗಾಗ ಬರೆದ ನಾಲ್ಕು ಒಳ್ಳೆಯ ಪುಟಗಳು ನಾನೂರು ಭಾವಚಿತ್ರಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ.

ಕೊಂಡುಕೊಂಡ ಹೊಗಳಿಕೆ ಮಾತ್ರ ಬೇರೆಯೇ ಮಾತು. ಕಬಿನಿ ತೀರದ ವಸತಿಗೃಹವಿರಲಿ, ಹೆದ್ದಾರಿ ಬದಿಯ ಉಪಾಹಾರ ಗೃಹವಿರಲಿ, ಇಂದು ಪ್ರವಾಸಿಗರು ನಕ್ಷತ್ರಗಳನ್ನು ನೋಡಿಯೇ ವಾಹನ ನಿಲ್ಲಿಸುತ್ತಾರೆ. ಆ ನಕ್ಷತ್ರಗಳಲ್ಲಿ ನಕಲಿಗಳೂ ಸೇರಿಕೊಂಡಿದ್ದರಿಂದಲೇ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನದಂಡವನ್ನು ರೂಪಿಸಬೇಕಾಯಿತು. ಅದರ ಪಾಲನೆ ಸ್ವಯಂಪ್ರೇರಿತವಾದದ್ದು ಎಂಬುದು ಅದರ ಮಿತಿ.

ಇಷ್ಟೆಲ್ಲ ಮಾಡಿದರೂ ಕೆಲವರ ಹೆಸರು ಅವರ ಕೈಯಲ್ಲಿರುವುದಿಲ್ಲ. ನಮ್ಮ ಹೈಕೋರ್ಟ್ ಮುಂದೆ ಬಂದ ಪ್ರಕರಣವೊಂದು ಇದಕ್ಕೆ ನಿದರ್ಶನ. ಯುವತಿಯೊಬ್ಬಳು ದಾಖಲಿಸಿದ್ದ ಕ್ರಿಮಿನಲ್ ದೂರು ರಾಜಿಯಲ್ಲಿ ಮುಗಿದು ರದ್ದಾಗಿತ್ತು. ಆದರೆ ಆಕೆಯ ಹೆಸರನ್ನು ಹುಡುಕಿದವರಿಗೆ ಆ ಆದೇಶ ಕಾಣುವಂತಾಗಿ ಮಗಳ ದಾಂಪತ್ಯಕ್ಕೂ ಮಾನಕ್ಕೂ ಧಕ್ಕೆಯಾದೀತೆಂದು ತಂದೆ ನ್ಯಾಯಾಲಯದ ಮೊರೆಹೋದರು. ಹುಡುಕಾಟದಲ್ಲಿ ಆಕೆಯ ಹೆಸರು ಕಾಣದಂತೆ ಕ್ರಮ ಕೈಗೊಳ್ಳಲು 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ರಿಜಿಸ್ಟ್ರಿಗೆ ಸೂಚಿಸಿದರು. ‘ಮರೆಯಲ್ಪಡುವ ಹಕ್ಕು’ ಭಾರತದ ನ್ಯಾಯಾಲಯದಲ್ಲಿ ಮನ್ನಣೆ ಪಡೆದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. ಅದೇ ವರ್ಷದ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ವೈಯಕ್ತಿಕ ದತ್ತಾಂಶವನ್ನು ತಿದ್ದಿಸುವ, ಅಳಿಸುವ ಹಕ್ಕನ್ನು 2023ರ ಕಾಯ್ದೆ ಒಳಗೊಂಡಿದೆ. ಅದನ್ನು ಹಂತ ಹಂತವಾಗಿ ಜಾರಿಗೊಳಿಸುವ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು.

ಈ ಹಕ್ಕನ್ನು ಪ್ರಭಾವಿಗಳು ದುರುಪಯೋಗಪಡಿಸಿಕೊಳ್ಳುವ ಭಯವೂ ಇಲ್ಲದಿಲ್ಲ. ಅಧಿಕಾರದಲ್ಲಿದ್ದವರ ಅಕ್ರಮ ಸಾರ್ವಜನಿಕ ನೆನಪಿನಲ್ಲಿ ಉಳಿಯಲೇಬೇಕು. ಆದರೆ ಸಾಮಾನ್ಯಳೊಬ್ಬಳ ಮುಗಿದುಹೋದ ಸಂಕಟಕ್ಕೂ ಭ್ರಷ್ಟನೊಬ್ಬನ ಮುಚ್ಚಿಹಾಕಿದ ಕಡತಕ್ಕೂ ಇರುವ ಅಂತರವನ್ನು ಯಂತ್ರ ಅರಿಯದು, ನ್ಯಾಯಾಧೀಶರು ಅರಿಯಬಲ್ಲರು. ಆದರೆ ಹೈಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಬಿಳಿಕೆರೆಯಂಥ ಹೋಬಳಿಯ ಎಷ್ಟು ಕುಟುಂಬಗಳಿಗಿದೆ? ತಪ್ಪು ಮಾಹಿತಿಯನ್ನು ತಿದ್ದಿಸುವ ದಾರಿ ಕನ್ನಡದಲ್ಲಿ, ಖರ್ಚಿಲ್ಲದೆ, ತಾಲ್ಲೂಕು ಮಟ್ಟದಲ್ಲಿಯೇ ಸಿಗುವಂತಾಗಬೇಕು. ಹೊಗೆಸೊಪ್ಪಿನ ಬೇಲಿಗೆ ಇರುವ ತಕರಾರಿನ ಅವಕಾಶ ಮನುಷ್ಯರ ಹೆಸರಿಗೂ ಇರಬೇಡವೇ?